ಚಾಕೊಲೇಟ್ ತಿಂದ ನಾಯಿಗೆ ಉಪ್ಪುನೀರು ಕುಡಿಸಬಹುದೇ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಸಮೀಪದ ಕಾಫಿ ತೋಟ. ಮನೆಯಲ್ಲಿ ರಾಕಿ ಎಂಬ ನಾಲ್ಕು ವರ್ಷದ ಗಂಡು ನಾಯಿ ಇದೆ. ಲ್ಯಾಬ್ರಡಾರ್ ಮತ್ತು ನಾಡನಾಯಿಯ ಮಿಶ್ರ ತಳಿ, 22 ಕೆ.ಜಿ. ತೂಕ. ಕೈಲ್ ಮುಹೂರ್ತ ಹಬ್ಬಕ್ಕೆ ಬಂದ ನೆಂಟರು ಮಡಿಕೇರಿಯಲ್ಲಿ ಕೊಂಡ ಕಾಲು ಕಿಲೋ ಹೋಂಮೇಡ್ ಡಾರ್ಕ್ ಚಾಕೊಲೇಟನ್ನು ಜಗಲಿಯ ಮೇಜಿನ ಮೇಲೆ ಇಟ್ಟಿದ್ದರು. ಅದರಲ್ಲಿ ಒಣದ್ರಾಕ್ಷಿ, ಗೋಡಂಬಿ ಇದ್ದವು. ನಾವು ಊಟಕ್ಕೆ ಕುಳಿತಿದ್ದಾಗ, ಸಂಜೆ ಏಳರ ಸುಮಾರಿಗೆ, ರಾಕಿ ಅದನ್ನು ಸುತ್ತಿದ ಕಾಗದದ ಸಮೇತ ತಿಂದುಬಿಟ್ಟಿತು. ಉಪ್ಪುನೀರು ಕುಡಿಸಿದರೆ ವಾಂತಿಯಾಗುತ್ತದೆ ಎಂದು ನಮ್ಮ ಅತ್ತೆಯವರು ಹೇಳಿದ್ದರಿಂದ ಮೂರು ದೊಡ್ಡ ಚಮಚ ಉಪ್ಪನ್ನು ನೀರಿನಲ್ಲಿ ಕದಡಿ ಬಾಯಿಗೆ ಹುಯ್ದೆವು, ಅರ್ಧದಷ್ಟು ಚೆಲ್ಲಿಹೋಯಿತು. ಸ್ವಲ್ಪ ವಾಂತಿಯಾಯಿತು. ಬಳಿಕ ತೋಟದ ಕೆಲಸದವರೊಬ್ಬರು ಹೇಳಿದಂತೆ ಹುಣಸೆ ನೀರನ್ನೂ ಕೊಟ್ಟೆವು. ಮಳೆಗೆ ಕರೆಂಟ್ ಹೋಗಿತ್ತು, ಮೊಬೈಲ್ ಸಿಗ್ನಲ್ ಕೂಡ ಇರಲಿಲ್ಲ. ರಾತ್ರಿಯಿಡೀ ರಾಕಿ ಏದುಸಿರು ಬಿಡುತ್ತ ಅಂಗಳದಲ್ಲಿ ಸುತ್ತಿತು, ಮತ್ತೆ ಮತ್ತೆ ನೀರು ಕುಡಿದು ಮೂತ್ರ ಮಾಡಿತು, ಬೆಳಗಿನ ಜಾವ ಎರಡು ಸಲ ವಾಂತಿ ಮಾಡಿತು. ಮೂರನೆಯ ದಿನಕ್ಕೆ ಮೊದಲಿನಂತಾದ್ದರಿಂದ ಆಸ್ಪತ್ರೆಗೆ ಒಯ್ಯಲಿಲ್ಲ. ನಾವು ಮಾಡಿದ್ದು ಸರಿಯೇ? ನಾಡನಾಯಿಯ ರಕ್ತ ಇರುವುದರಿಂದ ಅರಗಿಸಿಕೊಂಡಿತು ಎನ್ನುತ್ತಾರೆ, ನಿಜವೇ? ಉಳಿದ ಪಂದಿಕರಿಯನ್ನು ಹಾಕುವುದು, ಕೊಯ್ಲಿನ ಕಾಲದಲ್ಲಿ ಅದು ಕಣದ ಕಾಫಿ ಹಣ್ಣು ಜಗಿಯುವುದು, ಇವೆಲ್ಲ ಅಪಾಯವೇ? ರಾಕಿಗೆ ಈಗಲೂ ಏನಾದರೂ ಆಗಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ನೀವು ಈ ವಾರವೇ ಮಾಡಬೇಕಾದ ಕೆಲಸವೊಂದಿದೆ. ಚಾಕೊಲೇಟಿನ ವಿಷ ಮೂರು ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ. ರಾಕಿ ಆ ಅಪಾಯವನ್ನು ದಾಟಿದೆ. ಆದರೆ ಅದು ತಿಂದದ್ದರಲ್ಲಿ ಒಣದ್ರಾಕ್ಷಿಯೂ ಇತ್ತು, ಮತ್ತು ಒಣದ್ರಾಕ್ಷಿ ಹಾನಿ ಮಾಡುವುದು ಮೂತ್ರಪಿಂಡಕ್ಕೆ. ಎರಡು ವಾರವಾದರೂ ಊಟ, ಓಡಾಟ, ಮೂತ್ರ ಎಲ್ಲವೂ ಸಹಜವಾಗಿದ್ದರೆ ಗಂಭೀರ ಹಾನಿ ಆಗಿರುವ ಸಂಭವ ಕಡಿಮೆ. ಹಾಗಿದ್ದರೂ ಒಮ್ಮೆ ರಕ್ತದಲ್ಲಿ ಯೂರಿಯಾ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ಕಲ್ಮಶಗಳು) ಪರೀಕ್ಷೆ ಮಾಡಿಸಿ, ಬೆಳಗಿನ ಮೊದಲ ಮೂತ್ರವನ್ನು ಸ್ವಚ್ಛವಾದ, ಒಣಗಿದ ಉದ್ದ ಹಿಡಿಯ ಸೌಟಿನಲ್ಲಿ ಹಿಡಿದು ಸಣ್ಣ ಬಾಟಲಿಯಲ್ಲಿ ಒಯ್ಯಿರಿ. ಮೂತ್ರಪಿಂಡದ ಮುಕ್ಕಾಲು ಭಾಗದಷ್ಟು ಕೆಲಸ ನಿಂತ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ. ಮೂತ್ರ ನೀರಾಗುವುದು ಅದಕ್ಕಿಂತ ಮೊದಲೇ ಕಾಣುತ್ತದೆ. ಅದಕ್ಕಾಗಿಯೇ ಎರಡನ್ನೂ ಒಟ್ಟಿಗೆ ನೋಡಬೇಕು ಎನ್ನುತ್ತಿದ್ದೇನೆ.

ಇನ್ನು ಆ ರಾತ್ರಿ ರಾಕಿಯ ದೇಹದೊಳಗೆ ಏನಾಯಿತು ಎಂಬುದನ್ನು ನೋಡೋಣ. ಕೋಕೋದಲ್ಲಿ ಥಿಯೋಬ್ರೋಮಿನ್ ಎಂಬ ವಸ್ತುವಿದೆ, ಜೊತೆಗೆ ಸ್ವಲ್ಪ ಕೆಫೀನ್ ಇದೆ. ಮನುಷ್ಯನ ದೇಹ ಥಿಯೋಬ್ರೋಮಿನನ್ನು ಬೇಗ ಒಡೆದು ಹೊರಹಾಕುತ್ತದೆ. ನಾಯಿಯ ದೇಹದಲ್ಲಿ ಅದರ ಅರ್ಧ ಭಾಗ ಹೊರಹೋಗಲು ಸುಮಾರು 17 ಗಂಟೆ ಬೇಕು. ನಾವು ಸುಖವಾಗಿ ತಿನ್ನುವ ಪದಾರ್ಥ ನಾಯಿಗೆ ವಿಷವಾಗುವುದು ಈ ನಿಧಾನದಿಂದ. ಅದರ ಹೃದಯ ಮತ್ತು ನರಗಳು ಅಷ್ಟು ಹೊತ್ತೂ ಉದ್ರೇಕದಲ್ಲಿರುತ್ತವೆ. ಪ್ರತಿ ಕಿಲೋ ತೂಕಕ್ಕೆ ಸುಮಾರು 20 ಮಿಲಿಗ್ರಾಂ ಹೊಟ್ಟೆಗೆ ಹೋದರೆ ವಾಂತಿ, ಬಾಯಾರಿಕೆ, ಚಡಪಡಿಕೆ ಕಾಣಿಸುತ್ತವೆ. 40ರಿಂದ 50 ಮಿಲಿಗ್ರಾಂ ಆದಾಗ ಎದೆಬಡಿತ ವಿಪರೀತವಾಗಿ ಲಯ ತಪ್ಪಬಹುದು. 60 ದಾಟಿದರೆ ಫಿಟ್ಸ್ ಬರಬಹುದು. 100ರ ಮೇಲೆ ಪ್ರಾಣಕ್ಕೇ ಅಪಾಯ.

ಒಂದು ಗ್ರಾಂ ಮಿಲ್ಕ್ ಚಾಕೊಲೇಟಿನಲ್ಲಿ ಸುಮಾರು 2 ಮಿಲಿಗ್ರಾಂ, ಡಾರ್ಕ್ ಚಾಕೊಲೇಟಿನಲ್ಲಿ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ಕೇಕಿಗೆ ಬಳಸುವ ಕೋಕೋ ಪುಡಿಯಲ್ಲಿ 20 ಮಿಲಿಗ್ರಾಂಗೂ ಹೆಚ್ಚು ಥಿಯೋಬ್ರೋಮಿನ್ ಇರುತ್ತದೆ. ಬಿಳಿ ಚಾಕೊಲೇಟಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಪ್ರವಾಸಿಗರಿಗೆ ಮಾರುವ ಹೋಂಮೇಡ್ ಚಾಕೊಲೇಟಿನ ಪೊಟ್ಟಣದ ಮೇಲೆ ಕೋಕೋ ಪ್ರಮಾಣ ಎಷ್ಟೆಂದು ಬರೆದಿರುವುದು ಅಪರೂಪ. ಹೀಗಾಗಿ ಲೆಕ್ಕ ಹಾಕುವಾಗ ಹೆಚ್ಚಿನ ಪ್ರಮಾಣವನ್ನೇ ಹಿಡಿಯುವುದು ಕ್ಷೇಮ. ಕಾಲು ಕಿಲೋದಲ್ಲಿ ದ್ರಾಕ್ಷಿ, ಗೋಡಂಬಿ ಕಳೆದು 200 ಗ್ರಾಂ ಚಾಕೊಲೇಟ್ ಎಂದುಕೊಂಡರೆ 1,000 ಮಿಲಿಗ್ರಾಂ ಥಿಯೋಬ್ರೋಮಿನ್ ಆಯಿತು. 22 ಕಿಲೋಗೆ ಭಾಗಿಸಿದರೆ ಕಿಲೋಗೆ 45. ಅಂದರೆ ರಾಕಿ ಹೃದಯದ ಲಯ ತಪ್ಪಬಹುದಾದ ಮಟ್ಟದಲ್ಲಿತ್ತು. ಮೊದಲ ವಾಂತಿಯಲ್ಲಿ ಒಂದಿಷ್ಟು ಹೊರಬಂದಿರಬೇಕು. ನೀವು ವರ್ಣಿಸಿದ ಏದುಸಿರು, ಸುತ್ತಾಟ, ನೀರಡಿಕೆ ಎಲ್ಲವೂ ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ. ಅದು ಮತ್ತೆ ಮತ್ತೆ ಮೂತ್ರ ಮಾಡಿದ್ದು ಒಳ್ಳೆಯದೇ ಆಯಿತು: ಥಿಯೋಬ್ರೋಮಿನ್ ಮೂತ್ರಕೋಶದಿಂದ ಮತ್ತೆ ರಕ್ತಕ್ಕೆ ಹೀರಲ್ಪಡುತ್ತದೆ, ಹೀಗಾಗಿ ಚಾಕೊಲೇಟ್ ತಿಂದ ನಾಯಿಯನ್ನು ಕಟ್ಟಿಹಾಕಿ ಕೂಡಿಡದೆ ಆಗಾಗ ಹೊರಗೆ ಬಿಡಬೇಕು.

ಇದೇ ಪೊಟ್ಟಣವನ್ನು 6 ಕಿಲೋದ ಪೊಮೆರೇನಿಯನ್ ತಿಂದಿದ್ದರೆ ಕಿಲೋಗೆ 160 ಮಿಲಿಗ್ರಾಂ ದಾಟುತ್ತಿತ್ತು; ಅದು ಬದುಕುವುದು ಕಷ್ಟವಿತ್ತು. ನಾಡನಾಯಿಯ ರಕ್ತದ ಮಾತಿಗೆ ನನ್ನ ಉತ್ತರ ಈ ಲೆಕ್ಕದಲ್ಲೇ ಇದೆ. ನಾಡತಳಿಯ ನಾಯಿಗಳಿಗೆ ಅನೇಕ ಸದ್ಗುಣಗಳಿವೆ, ಆದರೆ ಥಿಯೋಬ್ರೋಮಿನನ್ನು ಬೇಗ ಒಡೆಯುವ ಶಕ್ತಿ ಅವುಗಳಲ್ಲಿಲ್ಲ. ರಾಕಿಯನ್ನು ಉಳಿಸಿದ್ದು ಅದರ ತೂಕ. "ಹೋದ ವರ್ಷವೂ ಚಾಕೊಲೇಟ್ ತಿಂದಿತ್ತು, ಏನೂ ಆಗಲಿಲ್ಲ" ಎಂದು ಹೇಳುವವರಿದ್ದಾರೆ. ಆಗ ತಿಂದದ್ದು ಮಗುವಿನ ಕೈಯಿಂದ ಬಿದ್ದ 20 ಗ್ರಾಂ ಮಿಲ್ಕ್ ಚಾಕೊಲೇಟ್ ಆಗಿದ್ದರೆ 22 ಕಿಲೋ ನಾಯಿಗೆ ಅದು ಕಿಲೋಗೆ 2 ಮಿಲಿಗ್ರಾಂ ಕೂಡ ಆಗುವುದಿಲ್ಲ, ಅದಕ್ಕಾಗಿ ಯಾರೂ ರಾತ್ರಿ ನಿದ್ದೆಗೆಡಬೇಕಿಲ್ಲ. ಏನನ್ನು, ಎಷ್ಟು, ಎಷ್ಟು ತೂಕದ ನಾಯಿ ಎಂಬುದು ಗೊತ್ತಾದರೆ ಹೆದರಬೇಕೋ ಬೇಡವೋ ಎಂಬುದನ್ನು ಐದು ನಿಮಿಷದಲ್ಲಿ ಹೇಳಬಹುದು.

ಈಗ ಉಪ್ಪುನೀರಿನ ವಿಷಯ. ನಿಮ್ಮನ್ನು ನೋಯಿಸುವ ಉದ್ದೇಶ ನನಗಿಲ್ಲ; ಕತ್ತಲಲ್ಲಿ, ಫೋನ್ ಕೂಡ ಇಲ್ಲದೆ, ಕಣ್ಣೆದುರು ನಾಯಿ ವಿಷ ತಿಂದಿದೆ ಎಂದಾಗ ಮನೆಯ ಹಿರಿಯರು ಹೇಳಿದ್ದನ್ನು ಮಾಡುವುದು ಸಹಜ. ಆದರೆ ಇದನ್ನು ಸ್ಪಷ್ಟವಾಗಿ ಹೇಳಲೇಬೇಕು: ಆ ರಾತ್ರಿ ಚಾಕೊಲೇಟಿನಷ್ಟೇ ಅಪಾಯಕಾರಿಯಾದ ಇನ್ನೊಂದು ಪದಾರ್ಥ ರಾಕಿಯ ಬಾಯಿಗೆ ಬಿದ್ದದ್ದು ಆ ಲೋಟದಿಂದ. ಪ್ರತಿ ಕಿಲೋ ತೂಕಕ್ಕೆ 2ರಿಂದ 3 ಗ್ರಾಂ ಉಪ್ಪು ನಾಯಿಗೆ ವಿಷ. 4 ಗ್ರಾಂ ಆದರೆ ಸಾಯಬಹುದು. ಮೂರು ದೊಡ್ಡ ಚಮಚ ಎಂದರೆ ಹೆಚ್ಚುಕಡಿಮೆ 50 ಗ್ರಾಂ, ಅಂದರೆ ರಾಕಿಯ ತೂಕಕ್ಕೆ ಕಿಲೋಗೆ 2 ಗ್ರಾಂಗಿಂತ ಹೆಚ್ಚು. ಅರ್ಧ ಚೆಲ್ಲಿತು, ಒಂದಿಷ್ಟು ವಾಂತಿಯಲ್ಲಿ ಹೋಯಿತು, ಮೇಲೆ ರಾತ್ರಿಯಿಡೀ ಕುಡಿಯಲು ನೀರಿತ್ತು, ಹೀಗಾಗಿ ಪಾರಾಯಿತು. ಉಪ್ಪು ರಕ್ತದಲ್ಲಿ ಏರಿದಾಗ ಮಿದುಳಿನ ಕೋಶಗಳಿಂದ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ, ನಾಯಿ ತೂರಾಡುತ್ತದೆ, ನಡುಗುತ್ತದೆ, ಫಿಟ್ಸ್ ಬರುತ್ತದೆ. ನೋಡುವವರು ಅದನ್ನು ಚಾಕೊಲೇಟಿನ ಪರಿಣಾಮ ಎಂದುಕೊಳ್ಳುತ್ತಾರೆ. ಚಿಕ್ಕ ನಾಯಿಯಾದರೆ ಎರಡು ಟೀ ಚಮಚ ಉಪ್ಪೇ ಸಾಕು. ಉಪ್ಪಿನಿಂದ ವಾಂತಿ ಖಂಡಿತ ಆಗುತ್ತದೆ ಎಂಬ ಭರವಸೆಯೂ ಇಲ್ಲ. ಆಗದಿದ್ದರೆ ಅಷ್ಟೂ ಉಪ್ಪು ಒಳಗೇ ಉಳಿಯುತ್ತದೆ.

ಹುಣಸೆ ನೀರಿನ ತೊಂದರೆ ಬೇರೆ ರೀತಿಯದು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ ಎಂಬುದು ಬಹಳ ಹಿಂದಿನಿಂದ ಗೊತ್ತಿದ್ದರೂ ಯಾವ ಅಂಶದಿಂದ ಎಂಬುದು ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶು ವಿಷವಿಜ್ಞಾನಿಗಳು ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದು ಮುಂದಿಟ್ಟರು; ಅಡುಗೆಗೆ ಬಳಸುವ ಕ್ರೀಮ್ ಆಫ್ ಟಾರ್ಟರ್ ತಿಂದ ನಾಯಿಗಳಲ್ಲಿ ದ್ರಾಕ್ಷಿ ತಿಂದಾಗ ಕಾಣುವ ಹಾನಿಯೇ ಕಂಡದ್ದು ಅವರಿಗೆ ಸುಳಿವು ಕೊಟ್ಟಿತು. ಹುಣಸೆಯ ಹುಳಿಯೂ ಮುಖ್ಯವಾಗಿ ಟಾರ್ಟಾರಿಕ್ ಆಮ್ಲದ್ದೇ, ಮತ್ತು ಹುಣಸೆ ತಿಂದ ನಾಯಿಗಳಲ್ಲಿ ಮೂತ್ರಪಿಂಡ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಒಣದ್ರಾಕ್ಷಿ ತಿಂದ ನಾಯಿಗೆ ಹುಣಸೆ ನೀರು ಕುಡಿಸುವುದೆಂದರೆ ಅದೇ ಆಮ್ಲವನ್ನು ಇನ್ನಷ್ಟು ಕೊಟ್ಟಂತೆ. ವಿಷಕ್ಕೆ ಹುಳಿ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ನಾಯಿಯ ಮಟ್ಟಿಗೆ ಅದನ್ನು ದಯವಿಟ್ಟು ಬಿಟ್ಟುಬಿಡಿ. ರಾಕಿಗೆ ಮೂತ್ರಪಿಂಡದ ಪರೀಕ್ಷೆ ಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ನನ್ನ ಮುಂದೆ ದಿನನಿತ್ಯ ಬರುವ ಉಳಿದ ಉಪಾಯಗಳನ್ನೂ ಹೇಳಿಬಿಡುತ್ತೇನೆ. ಹಾಲು ವಿಷವನ್ನು ಕಟ್ಟಿಹಾಕುವುದಿಲ್ಲ; ಹೆಚ್ಚೆಂದರೆ ಭೇದಿ ತರಿಸುತ್ತದೆ. ತುಪ್ಪ, ಕೊಬ್ಬರಿ ಎಣ್ಣೆಯನ್ನು ದವಡೆ ಅಗಲಿಸಿ ಹುಯ್ದರೆ ಅದರಲ್ಲಿ ಸ್ವಲ್ಪ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಮೇಲೆ ಬರುವ ನ್ಯುಮೋನಿಯಾ ಮೂಲ ವಿಷಕ್ಕಿಂತ ಹಠಮಾರಿ. ಒಲೆಯ ಇದ್ದಲನ್ನು ಪುಡಿಮಾಡಿ ಕೊಡುವವರಿದ್ದಾರೆ. ನಾವು ಬಳಸುವ ಸಕ್ರಿಯ ಇದ್ದಲು ಬೇರೆ, ಅದರ ಸೂಕ್ಷ್ಮ ರಂಧ್ರಗಳೇ ವಿಷವನ್ನು ಹಿಡಿದಿಡುವುದು, ಒಲೆಯ ಇದ್ದಲಿಗೆ ಆ ಗುಣ ಸಾಲದು. ಗಂಟಲಿಗೆ ಬೆರಳು ಹಾಕುವುದರಿಂದ ನಾಯಿಗೆ ವಾಂತಿಯಾಗುವುದಕ್ಕಿಂತ ಮಾಲೀಕರ ಕೈಗೆ ಗಾಯವಾಗುವುದೇ ಹೆಚ್ಚು.

ಹಾಗಾದರೆ ವಾಂತಿ ಮಾಡಿಸಲೇಬಾರದೇ? ಮಾಡಿಸಬೇಕು, ಮತ್ತು ಬೇಗ ಮಾಡಿಸಬೇಕು. ತಿಂದ ಎರಡು ಗಂಟೆಯೊಳಗೆ ಹೊಟ್ಟೆ ಖಾಲಿಯಾದರೆ ಹೆಚ್ಚಿನ ಅನಾಹುತ ಅಲ್ಲೇ ತಪ್ಪುತ್ತದೆ. ಚಾಕೊಲೇಟ್ ಹೊಟ್ಟೆಯಲ್ಲಿ ಮುದ್ದೆಯಾಗಿ ಕೂರುವುದರಿಂದ ಇನ್ನೂ ಸ್ವಲ್ಪ ತಡವಾದರೂ ಪ್ರಯೋಜನವಿದೆ. ಆಸ್ಪತ್ರೆಯಲ್ಲಿ ಚುಚ್ಚುಮದ್ದಿನಿಂದ ನಿಮಿಷಗಳಲ್ಲಿ ವಾಂತಿ ಬರಿಸುತ್ತೇವೆ. ಮೇಜಿನ ಮೇಲೆ ಬೀಳುವ ಆ ಕಂದು ಮುದ್ದೆಯಲ್ಲಿ ಉಬ್ಬಿದ ದ್ರಾಕ್ಷಿ ಎಷ್ಟಿದೆ, ಬೆಳ್ಳಿ ಕಾಗದದ ಚೂರು ಎಷ್ಟು ಬಂತು ಎಂದು ಕೈಗವಸು ಹಾಕಿಕೊಂಡು ಬಿಡಿಸಿ ನೋಡುತ್ತೇವೆ. ಒಳಗೆ ಏನು ಉಳಿದಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಬಳಿಕ ಸಕ್ರಿಯ ಇದ್ದಲು, ಡ್ರಿಪ್, ಅಗತ್ಯವಿದ್ದರೆ ಎದೆಬಡಿತ ಇಳಿಸುವ ಮತ್ತು ಫಿಟ್ಸ್ ತಡೆಯುವ ಔಷಧಿ. ಥಿಯೋಬ್ರೋಮಿನಿಗೆ ನಿರ್ದಿಷ್ಟ ಪ್ರತಿವಿಷವಿಲ್ಲ. ಅದು ಹೊರಹೋಗುವವರೆಗೆ ನಾಯಿಯನ್ನು ಕಾಪಾಡುವುದೇ ಚಿಕಿತ್ಸೆ.

ನಾಪೋಕ್ಲಿನಿಂದ ಮಡಿಕೇರಿಗೋ ವಿರಾಜಪೇಟೆಗೋ ಮಳೆಗಾಲದ ರಾತ್ರಿ ಹೊರಡುವುದು ಎಂಥ ಕೆಲಸ ಎಂಬುದು ನನಗೆ ಗೊತ್ತು. ಮರ ಬಿದ್ದು ರಸ್ತೆ ಮುಚ್ಚಿರುತ್ತದೆ, ಹೊಳೆ ಉಕ್ಕಿರುತ್ತದೆ. ಅಂಥ ಸಂದರ್ಭದಲ್ಲಿ ಮನೆಯಲ್ಲೇ ವಾಂತಿ ಮಾಡಿಸಲು ಪಶುವೈದ್ಯರು ಹೈಡ್ರೋಜನ್ ಪೆರಾಕ್ಸೈಡ್ ಸೂಚಿಸುವುದುಂಟು. ಇಲ್ಲಿ ಒಂದು ದೊಡ್ಡ ಎಚ್ಚರಿಕೆ ಬೇಕು. ಇದಕ್ಕೆ ಬಳಸುವುದು ಶೇಕಡಾ 3ರ ದ್ರಾವಣ. ನಮ್ಮ ಔಷಧಿ ಅಂಗಡಿಗಳಲ್ಲಿ ಗಾಯ ತೊಳೆಯಲು ಸಾಮಾನ್ಯವಾಗಿ ಸಿಗುವುದು ಶೇಕಡಾ 6ರದ್ದು, ಬಾಟಲಿಯ ಮೇಲೆ '20 ವಾಲ್ಯೂಮ್' ಎಂದಿರುತ್ತದೆ. ಅಂತರ್ಜಾಲದಲ್ಲಿ ಓದಿದ ಅಳತೆಯಂತೆ ಅದನ್ನು ಹಾಗೆಯೇ ಕುಡಿಸಿದರೆ ಅನ್ನನಾಳ ಮತ್ತು ಹೊಟ್ಟೆಯ ಒಳಪದರ ಸುಟ್ಟು ಹುಣ್ಣಾಗುತ್ತದೆ. ಸರಿಯಾದ ದ್ರಾವಣ ಕೂಡ ಹೊಟ್ಟೆಗೆ ಕಿರಿಕಿರಿ ಮಾಡದೆ ಇರುವುದಿಲ್ಲ. ಆದ್ದರಿಂದ ನಾನು ಇಲ್ಲಿ ಅಳತೆ ಬರೆಯುತ್ತಿಲ್ಲ. ನಾಯಿಯ ತೂಕ ಮತ್ತು ನಿಮ್ಮ ಕೈಯಲ್ಲಿರುವ ಬಾಟಲಿಯ ಮೇಲೆ ಬರೆದಿರುವುದನ್ನು ಕೇಳಿಕೊಂಡು ವೈದ್ಯರು ಫೋನಿನಲ್ಲಿ ಹೇಳಿದರೆ ಮಾತ್ರ, ಹೇಳಿದಷ್ಟು ಮಾತ್ರ ಕೊಡಿ.

ಕೆಲವು ನಾಯಿಗಳಿಗೆ ಯಾವ ಕಾರಣಕ್ಕೂ ಮನೆಯಲ್ಲಿ ವಾಂತಿ ಮಾಡಿಸಬಾರದು. ಈಗಾಗಲೇ ನಡುಗುತ್ತಿರುವ, ಮಂಕಾಗಿ ಬಿದ್ದಿರುವ ಅಥವಾ ಫಿಟ್ಸ್ ಬಂದಿರುವ ನಾಯಿ ವಾಂತಿಯನ್ನು ಉಸಿರಿನೊಂದಿಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಆಸಿಡ್, ಶೌಚಾಲಯ ತೊಳೆಯುವ ದ್ರವ ಕುಡಿದಿದ್ದರೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಮೂಳೆಯ ಚೂಪು ಚೂರು ನುಂಗಿದ್ದರೆ ಗಂಟಲು ಸೀಳಬಹುದು. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಲ್ಲಿ ಉಸಿರುಗಟ್ಟುವ ಅಪಾಯ ಯಾವಾಗಲೂ ಹೆಚ್ಚು.

ಸಿಗ್ನಲ್ ಇಲ್ಲದ ರಾತ್ರಿ ನಿಮ್ಮ ಮುಂದಿದ್ದ ಆಯ್ಕೆಗಳು ಮೂರು. ಸಿಗ್ನಲ್ ಸಿಗುವ ಎತ್ತರದ ಜಾಗಕ್ಕೆ ಒಬ್ಬರು ಹೋಗಿ ವೈದ್ಯರೊಡನೆ ಮಾತಾಡುವುದು ಒಂದು. ನಾಯಿಯನ್ನು ಜೀಪಿನಲ್ಲಿ ಹಾಕಿಕೊಂಡು ಹೊರಟೇಬಿಡುವುದು ಎರಡು. ಏನನ್ನೂ ಕುಡಿಸದೆ, ನೀರು ಮಾತ್ರ ಇಟ್ಟು, ಶಾಂತವಾದ ಕಡೆ ಇರಿಸಿ ಗಮನಿಸುವುದು ಮೂರು. ಕಿಲೋಗೆ 45 ಮಿಲಿಗ್ರಾಂ ಎಂಬ ಲೆಕ್ಕ ಮತ್ತು ಒಣದ್ರಾಕ್ಷಿ ಎರಡೂ ಸೇರಿದಾಗ, ರಸ್ತೆ ತೆರೆದಿದ್ದರೆ ನಾನು ಎರಡನೆಯದನ್ನೇ ಹೇಳುತ್ತಿದ್ದೆ. ರಸ್ತೆ ಮುಚ್ಚಿದ್ದರೆ ಮೂರನೆಯದು ಕೂಡ ಉಪ್ಪುನೀರಿಗಿಂತ ಎಷ್ಟೋ ಉತ್ತಮ. ಗಮನಿಸುವುದು ಎಂದರೆ ಸುಮ್ಮನೆ ನೋಡುತ್ತ ಕೂರುವುದಲ್ಲ. ಎಡ ಮೊಣಕೈಯ ಹಿಂದೆ ಎದೆಗೂಡಿಗೆ ಅಂಗೈ ಒತ್ತಿ 15 ಸೆಕೆಂಡು ಬಡಿತ ಎಣಿಸಿ ನಾಲ್ಕರಿಂದ ಗುಣಿಸಿ. ರಾಕಿಯ ಗಾತ್ರದ ನಾಯಿ ಮಲಗಿರುವಾಗ ಅದು ಸಾಮಾನ್ಯವಾಗಿ 60ರಿಂದ 120ರೊಳಗೆ ಇರುತ್ತದೆ. 160 ದಾಟಿ ಇಳಿಯದೇ ಇದ್ದರೆ, ಬಡಿತ ನಡುನಡುವೆ ತಪ್ಪುತ್ತಿದ್ದರೆ, ಸ್ನಾಯುಗಳು ಅದುರಲು ಶುರುವಾದರೆ ರಸ್ತೆಯ ಕಷ್ಟ ನೋಡದೆ ಹೊರಡಬೇಕು. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಈ ಎರಡನ್ನೂ ನಾಯಿ ಆರೋಗ್ಯವಾಗಿರುವಾಗಲೇ ಒಮ್ಮೆ ಮಾಡಿ ನೋಡಿಕೊಳ್ಳಿ. ಸಹಜ ಯಾವುದು ಎಂದು ಕೈಗೆ ಗೊತ್ತಿದ್ದರೆ ಕೆಟ್ಟದ್ದು ತಾನಾಗಿ ತಿಳಿಯುತ್ತದೆ.

ಹೊರಡುವಾಗ ಪೊಟ್ಟಣದ ಉಳಿಕೆ ಮತ್ತು ಒಂದಿಷ್ಟು ವಾಂತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಳ್ಳಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರು ಮತ್ತು ಸಾಕುಪ್ರಾಣಿಗಳನ್ನು ನೋಡುವ ಒಬ್ಬ ಖಾಸಗಿ ವೈದ್ಯರು, ಇಬ್ಬರ ಸಂಖ್ಯೆಯನ್ನೂ ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. ಸಂಚಾರಿ ಪಶು ಚಿಕಿತ್ಸಾ ಘಟಕದ 1962 ಸಂಖ್ಯೆ ಮುಖ್ಯವಾಗಿ ದನಕರುಗಳಿಗಾಗಿ ಇರುವಂಥದ್ದು, ಆದರೂ ಬೇರೆ ಯಾರೂ ಸಿಗದಿದ್ದಾಗ ಅಲ್ಲಿ ಸಲಹೆ ಕೇಳುವುದರಲ್ಲಿ ತಪ್ಪಿಲ್ಲ. ಫೋನಿನಲ್ಲಿ ಮೊದಲ ವಾಕ್ಯದಲ್ಲೇ ನಾಯಿಯ ತೂಕ, ತಿಂದ ಪದಾರ್ಥ, ಪ್ರಮಾಣ, ತಿಂದ ಸಮಯ ಹೇಳಿಬಿಡಿ. "ನಾಯಿ ಒಂಥರಾ ಆಡುತ್ತಿದೆ ಡಾಕ್ಟ್ರೇ" ಎಂದು ಆರಂಭವಾಗುವ ಕರೆಗಳಲ್ಲಿ ಈ ನಾಲ್ಕು ಸಂಗತಿಗಳನ್ನು ಹೊರತೆಗೆಯುವಷ್ಟರಲ್ಲಿ ಎಷ್ಟೋ ಸಲ ಲೈನ್ ಕಡಿದುಹೋಗುತ್ತದೆ.

ಮೂರನೆಯ ದಿನ ರಾಕಿ ಮೊದಲಿನಂತಾಯಿತು ಎಂದು ನೀವು ನಿರಾಳರಾದಿರಿ. ಚಾಕೊಲೇಟ್ ಮಾತ್ರ ಆಗಿದ್ದರೆ ಅದು ಸರಿ. ಒಣದ್ರಾಕ್ಷಿಯಲ್ಲಿ ಮಾತ್ರ ನಾಯಿ ಚೆನ್ನಾಗಿ ಕಾಣುವ ಆ ಒಂದೆರಡು ದಿನಗಳೇ ಚಿಕಿತ್ಸೆಯ ಸಮಯ. ತಿಂದ ಒಂದು ದಿನದೊಳಗೆ ವಾಂತಿಯಾಗಿ, ಆಮೇಲೆ ಎಲ್ಲ ಸರಿಹೋದಂತಿದ್ದು, 24ರಿಂದ 72 ಗಂಟೆಗಳ ನಡುವೆ ಮೂತ್ರಪಿಂಡ ಸೋಲಲು ತೊಡಗುತ್ತದೆ. ಮೂತ್ರ ನಿಂತುಹೋದ ನಾಯಿಯನ್ನು ಉಳಿಸುವುದು ಬಹಳ ಕಷ್ಟ. ಎಷ್ಟು ತಿಂದರೆ ಅಪಾಯವಿಲ್ಲ ಎಂಬ ಮಿತಿಯೂ ಇದಕ್ಕಿಲ್ಲ, ಏಕೆಂದರೆ ಹಣ್ಣಿನಿಂದ ಹಣ್ಣಿಗೆ ಆಮ್ಲದ ಪ್ರಮಾಣ ಬದಲಾಗುತ್ತದೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ವೈನ್ ಮಾಡುವ ರೂಢಿ ಇರುವುದರಿಂದ ಒಂದು ಮಾತು: ಸೋಸಿದ ಮೇಲೆ ಉಳಿಯುವ ದ್ರಾಕ್ಷಿಯ ಗಷ್ಟನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಅದರಲ್ಲಿ ದ್ರಾಕ್ಷಿಯೂ ಇದೆ, ಮದ್ಯವೂ ಇದೆ, ಸಿಹಿ ವಾಸನೆಯೂ ಇದೆ. ಆಳವಾಗಿ ಹೂಳಿ. ಕ್ರಿಸ್‌ಮಸ್ ಸಮಯದ ಪ್ಲಮ್ ಕೇಕಿಗೂ ಇದೇ ಎಚ್ಚರ ಬೇಕು.

ಪಂದಿಕರಿಯ ಬಗ್ಗೆ ಕೇಳಿದ್ದೀರಿ. ಹಂದಿಮಾಂಸ ವಿಷವಲ್ಲ, ತೊಂದರೆ ಇರುವುದು ಅದರ ಮಸಾಲೆಯ ಈರುಳ್ಳಿ, ಬೆಳ್ಳುಳ್ಳಿಯಲ್ಲಿ, ಕೊಬ್ಬಿನಲ್ಲಿ ಮತ್ತು ಬೆಂದ ಮೂಳೆಯಲ್ಲಿ. ಈರುಳ್ಳಿಯ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ, ದೇಹ ಆ ಕಣಗಳನ್ನು ಒಡೆದುಹಾಕುತ್ತದೆ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ದೇಹತೂಕದ ಶೇಕಡಾ ಅರ್ಧದಷ್ಟು ಈರುಳ್ಳಿ, ಅಂದರೆ 22 ಕಿಲೋ ರಾಕಿಗೆ ಸುಮಾರು 110 ಗ್ರಾಂ, ಒಮ್ಮೆಗೇ ಹೊಟ್ಟೆಗೆ ಹೋದರೆ ರಕ್ತಹೀನತೆ ಬರುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಸೇರುತ್ತಿದ್ದರೆ ಹಾನಿ ಕೂಡುತ್ತ ಹೋಗುತ್ತದೆ. ಹಬ್ಬದ ಪಾತ್ರೆಯ ತಳದ ಗಟ್ಟಿ ಮಸಾಲೆಯಲ್ಲಿ ಅಷ್ಟು ಈರುಳ್ಳಿ ಇರುವುದು ಅಸಾಧ್ಯವೇನಲ್ಲ. ಒಸಡು ಬಿಳಿಚಿಕೊಂಡು ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಮೂರರಿಂದ ಐದು ದಿನಗಳ ನಂತರ, ಆ ಹೊತ್ತಿಗೆ ಮನೆಯವರಿಗೆ ಹಬ್ಬದೂಟ ಮರೆತಿರುತ್ತದೆ. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಗೊಂದಲ ಸೇರುತ್ತದೆ: ತೋಟದ ನಾಯಿಗಳಿಗೆ ಉಣ್ಣಿಯಿಂದ ಬರುವ ಬಬೇಸಿಯಾ ರೋಗದಲ್ಲೂ ಇದೇ ಬಿಳಿಚು, ಇದೇ ಬಣ್ಣದ ಮೂತ್ರ. ಉಣ್ಣಿ ಜ್ವರವೆಂದೇ ಊಹಿಸಿ ಔಷಧಿ ಆರಂಭಿಸುವ ಮೊದಲು ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪರಾವಲಂಬಿ ಕಾಣುತ್ತದೋ, ಈರುಳ್ಳಿಯಿಂದ ಕೆಟ್ಟ ಕಣಗಳು ಕಾಣುತ್ತವೋ ಎಂಬುದು ಬಹುಪಾಲು ಅಲ್ಲೇ ತಿಳಿಯುತ್ತದೆ. ವೈದ್ಯರಿಗೆ ಹಿಂದಿನ ವಾರದ ಊಟದ ಸಂಗತಿಯನ್ನೂ ನೀವಾಗಿಯೇ ಹೇಳಿ. ಕೊಬ್ಬಿನ ತುಂಡುಗಳಿಂದ ಮೇದೋಜೀರಕ ಗ್ರಂಥಿ ಊದಿಕೊಂಡು ನಾಯಿ ಬೆನ್ನು ಬಾಗಿಸಿ ನರಳುವುದನ್ನು ಪ್ರತಿ ಹಬ್ಬದ ಮರುದಿನ ನೋಡುತ್ತೇನೆ. ರಾಕಿಗೂ ಹಬ್ಬವಾಗಲಿ ಎಂದಿದ್ದರೆ ಮಸಾಲೆ ಸೇರುವ ಮೊದಲೇ ಕೊಬ್ಬಿಲ್ಲದ ನಾಲ್ಕು ತುಂಡು ಬೇಯಿಸಿ ತೆಗೆದಿಡಿ, ಒಂದು ಕಡಂಬುಟ್ಟನ್ನು (ಅಕ್ಕಿ ಕಡುಬಿನ ಉಂಡೆ) ಪುಡಿಮಾಡಿ ಬೆರೆಸಿ ಹಾಕಿ, ಮೂಳೆ ಬೇಡ.

ಕಾಫಿ ಹಣ್ಣಿನ ವಿಷಯದಲ್ಲಿ ನಿಮ್ಮ ಭಯವನ್ನು ಸ್ವಲ್ಪ ಕಡಿಮೆ ಮಾಡಬಹುದು. ಕಣದಲ್ಲಿ ಹರಡಿದ ಹಣ್ಣಿನ ಸಿಹಿ ಸಿಪ್ಪೆಗಾಗಿ ನಾಯಿ ಒಂದೆರಡನ್ನು ಜಗಿಯುತ್ತದೆ, ಗಟ್ಟಿ ಬೀಜವನ್ನು ಅಗಿಯದೆ ನುಂಗುತ್ತದೆ ಅಥವಾ ಉಗುಳುತ್ತದೆ. ಇಡೀ ಬೀಜ ಪುಡಿಯಂತೆ ಬೇಗ ಕೆಫೀನ್ ಬಿಡುವುದಿಲ್ಲ. ಭಯಪಡಬೇಕಾದದ್ದು ಅಡುಗೆಮನೆಯ ಡಬ್ಬಿಗೆ. ರೊಬಸ್ಟಾದಲ್ಲಿ ಶೇಕಡಾ 2ಕ್ಕಿಂತ ಹೆಚ್ಚು ಕೆಫೀನ್ ಇರುತ್ತದೆ, ಅರೇಬಿಕಾದಲ್ಲಿ ಅದರ ಅರ್ಧದಷ್ಟು. ಚಿಕೋರಿ ಬೆರೆಸದ ರೊಬಸ್ಟಾ ಪುಡಿ 100 ಗ್ರಾಂ ಎಂದರೆ 2 ಗ್ರಾಂ ಕೆಫೀನ್. ರಾಕಿಯ ತೂಕಕ್ಕೆ ಕಿಲೋಗೆ 90 ಮಿಲಿಗ್ರಾಂ, ಪ್ರಾಣಾಪಾಯದ ಮಟ್ಟಕ್ಕೆ ತೀರಾ ಹತ್ತಿರ. ಕೆಫೀನ್ ಥಿಯೋಬ್ರೋಮಿನಿಗಿಂತ ಬೇಗ ಏರುತ್ತದೆ, ಒಂದೆರಡು ಗಂಟೆಯಲ್ಲೇ ಲಕ್ಷಣ ಕಾಣುತ್ತದೆ. ಫಿಲ್ಟರಿನ ಗಸಿಯಲ್ಲೂ ಸ್ವಲ್ಪ ಉಳಿದಿರುತ್ತದೆ, ಹಾಲು ಸಕ್ಕರೆ ಬಿದ್ದ ಗಸಿಯನ್ನು ನಾಯಿಗಳು ಬಿಡುವುದಿಲ್ಲ.

ಸಕ್ಕರೆರಹಿತ ಚೂಯಿಂಗ್ ಗಮ್, ಮಿಠಾಯಿಗಳಲ್ಲಿ ಬಳಸುವ ಜೈಲಿಟಾಲ್ ಬಗ್ಗೆಯೂ ಹೇಳಬೇಕು, ಏಕೆಂದರೆ ನೆಂಟರ ಚೀಲಗಳಲ್ಲಿ ಅದೂ ಬರುತ್ತದೆ. ಕಿಲೋಗೆ 0.1 ಗ್ರಾಂನಷ್ಟು ಹೋದರೂ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು, ಹೆಚ್ಚಾದರೆ ಯಕೃತ್ತು ಕೆಡುತ್ತದೆ. ಮನೆಮದ್ದು ನಿಜವಾಗಿ ಕೆಲಸ ಮಾಡುವುದು ಇಲ್ಲಿ: ನಾಯಿ ತೂರಾಡುತ್ತಿದ್ದರೆ ಒಸಡಿಗೆ ಜೇನುತುಪ್ಪ ಸವರಿ, ಸವರುತ್ತಲೇ ಆಸ್ಪತ್ರೆಗೆ ಕರೆತನ್ನಿ.

ಕೊನೆಯದಾಗಿ, ನೀವು ಕೇಳದ, ಆದರೆ ತೋಟದ ಮನೆಯವರು ತಿಳಿದಿರಲೇಬೇಕಾದ ಒಂದು ವಿಷ. ಆಫ್ರಿಕನ್ ಶಂಕುಹುಳುವಿನ (ದೊಡ್ಡ ಬಸವನಹುಳು) ಕಾಟಕ್ಕೆ ತವುಡು, ಬೆಲ್ಲ ಕಲಸಿ ಕೀಟನಾಶಕ ಸೇರಿಸಿ ಗಿಡದ ಬುಡದಲ್ಲಿ ಇಡುವ ಉಂಡೆಯೂ, ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಯೂ ನಾಯಿಯ ಮೂಗಿಗೆ ತಿಂಡಿಯೇ. ಮೆಟಾಲ್ಡಿಹೈಡ್ ತಿಂದ ನಾಯಿ ಗಂಟೆಗಳಲ್ಲಿ ಮೈಯೆಲ್ಲ ಅದುರಿ ಕೆಂಡದಂತೆ ಕಾಯುತ್ತದೆ. ಕಾರ್ಬಮೇಟ್ ಜಾತಿಯ ಕೀಟನಾಶಕವಾದರೆ ಜೊಲ್ಲು ಸುರಿದು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ, ಭೇದಿಯೊಡನೆ ಉಸಿರು ಕಟ್ಟುತ್ತದೆ. ಕಾರ್ಬಮೇಟಿಗೆ ಅಟ್ರೊಪಿನ್ ಎಂಬ ಪ್ರತಿವಿಷ ಇದೆ, ಮೆಟಾಲ್ಡಿಹೈಡಿಗೆ ಇಲ್ಲ. ಆದ್ದರಿಂದ ಯಾವುದನ್ನು ಇಟ್ಟಿದ್ದೀರಿ ಎಂಬುದು ವೈದ್ಯರಿಗೆ ತಕ್ಷಣ ಗೊತ್ತಾಗಬೇಕು. ಔಷಧಿಯ ಖಾಲಿ ಪೊಟ್ಟಣವನ್ನು ಆ ಹಂಗಾಮು ಮುಗಿಯುವವರೆಗೆ ಎಸೆಯಬೇಡಿ. ಉಂಡೆ ಇಟ್ಟ ದಿನಗಳಲ್ಲಿ ರಾಕಿಯನ್ನು ಹಗ್ಗ ಹಿಡಿದೇ ತಿರುಗಾಡಿಸಿ, ಮತ್ತು ಯಾವ ಬ್ಲಾಕಿನಲ್ಲಿ ಇಟ್ಟಿದ್ದೀರಿ ಎಂದು ಲೈನ್‌ಮನೆಯಲ್ಲಿರುವ ಕೆಲಸದವರಿಗೂ ಹೇಳಿ ಕಳಿಸಿ, ಅವರ ನಾಯಿಗಳೂ ಮಕ್ಕಳೂ ಓಡಾಡುವುದು ಅದೇ ತೋಟದಲ್ಲಿ.